ಒಬ್ಬನೇ ಬಂದವನ ಅರ್ಜಿ

ಕಪ್ಪು ಮೈಬಣ್ಣದ ಮನುಷ್ಯರು ವಿಜಯಪುರವನ್ನು ಆಳಿದ್ದುಂಟು. ಆಫ್ರಿಕಾದಿಂದ ಗುಲಾಮರಾಗಿ ಬಂದ ಹಬಶಿಗಳು ಆದಿಲಶಾಹಿ ದರಬಾರಿನಲ್ಲಿ ಸೇನಾಪತಿಗಳಾದರು, ವಜೀರರಾದರು. ಎರಡನೆಯ ಇಬ್ರಾಹಿಂ ಆದಿಲಶಾಹ ಇನ್ನೂ ಹುಡುಗನಾಗಿದ್ದಾಗ, 1582ರಿಂದ ಸುಮಾರು ಎಂಟು ವರ್ಷ, ರಾಜ್ಯದ ಲಗಾಮು ಹಿಡಿದಿದ್ದವನು ದಿಲಾವರ್ ಖಾನ್ ಹಬಶಿ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲಶಾಹನಿಗೆ ಬಲಗೈಯಂತಿದ್ದವನು ಇಖ್ಲಾಸ್ ಖಾನ್. ಅವನ ಚಿತ್ರಗಳನ್ನು ದೂರದೇಶದ ಸಂಗ್ರಹಾಲಯಗಳು ಇಂದಿಗೂ ಕಾಪಾಡಿಕೊಂಡಿವೆ. ರಾಜ್ಯ ಕುಸಿಯುತ್ತಿದ್ದ ಕೊನೆಯ ವರ್ಷಗಳಲ್ಲಿ ಬಾಲಕ ಸಿಕಂದರನ ಹೆಸರಿನಲ್ಲಿ ಆಡಳಿತ ನಡೆಸಿದವರಲ್ಲೂ ಸಿದ್ದಿ ಮಸೂದನಿದ್ದ. 1686ರಲ್ಲಿ ಔರಂಗಜೇಬ ಕೋಟೆಯನ್ನು ಗೆದ್ದಾಗ ಈ ಏಳಿಗೆಯೂ ಮುಗಿಯಿತು. ಅದರಿಂದ ಹಿಂದೆ ಬರುವವರಿಗೆ ಉಳಿದದ್ದೇನು ಎಂದು ನೋಡಿದರೆ ಕೆಲವು ಗೋರಿಗಳು, ಮಸೀದಿಗಳು, ಹೆಸರುಗಳು. ಆಫ್ರಿಕಾ ಮೂಲದ ಸಿದ್ದಿಗಳು ಇಂದು ಕರ್ನಾಟಕದಲ್ಲಿ ಹೆಚ್ಚಾಗಿರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ. ಅವರೆಲ್ಲ ವಿಜಯಪುರದ ಅಮೀರರ ವಂಶದವರೇನಲ್ಲ. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ ಗುಲಾಮರ ಸಂತತಿಯೂ ಅವರಲ್ಲಿದೆ. ಈ ತಾಲ್ಲೂಕುಗಳಿರುವ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದ ಮೊದಲ ಪದವೀಧರರೆಂದು ಹೆಸರಾದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ವಜೀರನೊಬ್ಬ ಸಿಂಹಾಸನದ ಪಕ್ಕದವರೆಗೆ ಏರಿದ ನಾಡಿನಲ್ಲಿ, ಅವನದೇ ಮೂಲದ ಜನರಲ್ಲಿ ಒಬ್ಬರು ಪದವಿ ಪಡೆದರೆ ಅದು ಸುದ್ದಿಯಾಗಲು ಇನ್ನೂ ಮುನ್ನೂರು ವರ್ಷ ಹಿಡಿಯಿತು.

ಈ ಬರಹದ ವಾದ ಇಲ್ಲಿಂದಲೇ ಹುಟ್ಟುತ್ತದೆ. ಒಬ್ಬನ ಏಳಿಗೆ ಎಷ್ಟೇ ಎತ್ತರದ್ದಾಗಿರಲಿ, ಅದು ಹಿಂದೆ ಬರುವವರಿಗೆ ಬಾಗಿಲಾಗುವುದಿಲ್ಲ. ಬಾಗಿಲಾಗಬೇಕಾದರೆ ಅದು ಹಕ್ಕಾಗಬೇಕು. ಹಕ್ಕನ್ನು ಬರೆಯುವ, ಓದುವ, ವಾದಿಸುವ ವಿದ್ಯೆಯನ್ನು ಕಲಿಸುವ ಜಾಗ ಕಾನೂನು ಕಾಲೇಜು. ಆದ್ದರಿಂದ ಅಲ್ಲಿಗೆ ಯಾರಿಗೆ ಪ್ರವೇಶ ಸಿಗುತ್ತದೆ ಎಂಬುದು ಬೇರೆ ಕಾಲೇಜುಗಳ ಪ್ರವೇಶದಂಥ ಪ್ರಶ್ನೆಯಲ್ಲ. ಅಮೆರಿಕದ ಕಪ್ಪು ವಿದ್ಯಾರ್ಥಿಗಳು ಲಾ ಸ್ಕೂಲಿನ ಬಾಗಿಲು ತಟ್ಟಿದ ಕಥೆಯನ್ನೂ ಮುಂಬಯಿ ಕರ್ನಾಟಕದ ದಲಿತ ಮತ್ತು ಹಿಂದುಳಿದ ಮಕ್ಕಳು ಶಾಲೆ ಕಾಲೇಜುಗಳ ಬಾಗಿಲು ತಟ್ಟಿದ ಕಥೆಯನ್ನೂ ಜೊತೆಗಿಟ್ಟು ಓದಿದರೆ ಎರಡರಲ್ಲೂ ಒಂದೇ ಗಂಟು ಕಾಣುತ್ತದೆ. ನಿನ್ನ ಪರವಾಗಿ ನೀನೇ ಮಾತಾಡು ಎಂದು ಜಗತ್ತು ಬಡ ವಿದ್ಯಾರ್ಥಿಗೆ ಬುದ್ಧಿ ಹೇಳುತ್ತದೆ. ಅವನು ಒಬ್ಬನೇ ಬಂದು ಮಾತಾಡಿದಾಗ, ಒಬ್ಬನೇ ಬಂದಿದ್ದಾನೆ ಎಂಬುದನ್ನೇ ಕಾರಣವಾಗಿಟ್ಟು ಹಿಂದಕ್ಕೆ ಕಳಿಸುತ್ತದೆ.

ಇದು ಊಹೆಯ ಮಾತಲ್ಲ. 1856ರ ಜೂನಿನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಒಬ್ಬ ಮಹಾರ್ ಹುಡುಗ ಅರ್ಜಿ ಕೊಟ್ಟ. ಕೆಳಗಿನ ಅಧಿಕಾರಿಗಳು ಒಪ್ಪಲಿಲ್ಲ. ಹುಡುಗ ಸುಮ್ಮನಾಗದೆ ಮುಂಬಯಿ ಸರಕಾರಕ್ಕೇ ಬರೆದುಕೊಂಡ. ಆ ವರ್ಷದ ಜುಲೈಯಲ್ಲಿ ಸರಕಾರ ಕೊಟ್ಟ ಉತ್ತರ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಮತ್ತೆ ಮತ್ತೆ ಓದಬೇಕಾದ ಕಾಗದ. ತಾತ್ವಿಕವಾಗಿ ನ್ಯಾಯ ಅರ್ಜಿದಾರನ ಕಡೆಗಿದೆ ಎಂದು ಸರಕಾರ ಒಪ್ಪಿಕೊಂಡಿತು. ಆದರೆ ಜಾತಿವಂತರ ಮಕ್ಕಳಷ್ಟೇ ಓದುವ ಶಾಲೆಗೆ ಸೇರಿಸಿ ಎಂದು ಕೇಳಿಕೊಂಡು ಬಂದ ಮಹಾರ್ ಇವನೊಬ್ಬನೇ; ಇವನೊಬ್ಬನಿಗಾಗಿ ಅವನನ್ನು ಉಳಿದವರ ನಡುವೆ ಕೂರಿಸಿದರೆ ಶಾಲೆಯೇ ಉಳಿದೆಲ್ಲರಿಗೂ ನಿರುಪಯೋಗಿಯಾದೀತು, ಹಾಗೆ ಮಾಡುವುದು ಸರಿಯಲ್ಲ ಎಂದಿತು. ಗವರ್ನರ್ ಜನರಲ್ ಸಮಿತಿ 1857ರ ಜನವರಿಯಲ್ಲಿ, ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಹಿಂದೆ ಕಳಿಸುತ್ತಿರಲಿಲ್ಲ ಎಂಬ ಅಭಿಪ್ರಾಯ ಬರೆಯಿತು. ಲಂಡನ್ನಿನ ಕಂಪನಿ ನಿರ್ದೇಶಕರು 1858ರ ಏಪ್ರಿಲ್‌ನಲ್ಲಿ, ಸರಕಾರದ ಹಣದಿಂದ ನಡೆಯುವ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂಬ ತತ್ವವನ್ನು ಎತ್ತಿಹಿಡಿದರು. ತತ್ವ ಕಾಗದದಲ್ಲಿ ಗೆದ್ದಿತು. ನೆಲದ ಮೇಲೆ ಆದದ್ದು ಪ್ರತ್ಯೇಕ ಶಾಲೆಗಳು, ಜಗಲಿಯ ಮೇಲೆ ಕೂತು ಒಳಗಿನ ಪಾಠ ಕೇಳಿಸಿಕೊಳ್ಳುವ ಮಕ್ಕಳು. ಎಪ್ಪತ್ತು ವರ್ಷದ ನಂತರ, 1928ರಲ್ಲಿ, ಸೈಮನ್ ಆಯೋಗದ ಮುಂದೆ ಮುಂಬಯಿ ಪ್ರಾಂತದ ನಿಮ್ನವರ್ಗದ ಶಿಕ್ಷಣದ ಸ್ಥಿತಿಯನ್ನು ವಿವರಿಸುವಾಗ ಬಿ.ಆರ್. ಅಂಬೇಡ್ಕರ್ ಈ ಧಾರವಾಡದ ಕಡತವನ್ನೇ ತೆಗೆದು ಮುಂದಿಟ್ಟರು. ಹುಡುಗನ ಅರ್ಜಿ ಅವನಿಗೆ ಫಲ ಕೊಡಲಿಲ್ಲ. ಒಬ್ಬ ಬ್ಯಾರಿಸ್ಟರನ ಕೈಗೆ ಬಂದ ಮೇಲೆ ಅದು ಸಾಕ್ಷ್ಯವಾಯಿತು.

ಆ ಸರಕಾರದ ಉತ್ತರದಲ್ಲಿ ಎರಡು ಮಾತು ಒಂದರೊಳಗೊಂದು ಹೆಣೆದುಕೊಂಡಿವೆ. ಮೊದಲನೆಯದು, ಬಹುಜನರ ಅನುಕೂಲ ಒಬ್ಬನ ನ್ಯಾಯಕ್ಕಿಂತ ಭಾರವಾದದ್ದು ಎಂಬುದು. ಎರಡನೆಯದು ಇನ್ನೂ ಆಳದ್ದು: ಇವನ ಹಿಂದೆ ಯಾರೂ ಇಲ್ಲ, ಆದ್ದರಿಂದ ಬೇಡಿಕೆಯೇ ಇಲ್ಲ ಎಂಬುದು. ಆದರೆ ಅವನ ಹಿಂದೆ ಯಾರೂ ಇರದಿದ್ದುದು ಏಕೆ? ಊರ ಹೊರಗಿನ ಕೇರಿಯಲ್ಲಿ ಅರ್ಜಿ ಬರೆಯಬಲ್ಲವರು ಎಷ್ಟು ಜನರಿದ್ದರು? ಬರೆಯುವವರು ಹುಟ್ಟಬೇಕಾದ ಜಾಗವೇ ಶಾಲೆ. ಶಾಲೆಗೆ ಸೇರಲು ಬೇಕಾದದ್ದು ಅರ್ಜಿ. ಬಾಗಿಲಿಗೆ ಹಾಕಿದ ಬೀಗದ ಕೈಯನ್ನು ಒಳಗೇ ಇಟ್ಟಂತೆ ಇದು. ಇಂದು ಒಂದು ಪ್ರತಿಷ್ಠಿತ ಕಾಲೇಜಿಗೆ ಹಿಂದುಳಿದ ತಾಲ್ಲೂಕಿನಿಂದ, ಕನ್ನಡ ಮಾಧ್ಯಮದಿಂದ ಅರ್ಜಿಗಳೇ ಬರುತ್ತಿಲ್ಲ, ನಾವೇನು ಮಾಡೋಣ ಎಂದು ಯಾರಾದರೂ ಹೇಳಿದರೆ, ಅದು 1856ರ ಆ ಕಾಗದದ ಎರಡನೆಯ ಮಾತೇ. ಹೇಳುವವರ ಮನಸ್ಸಿನಲ್ಲಿ ಕೆಡುಕಿರಬೇಕಾಗಿಲ್ಲ. ಮುಂಬಯಿ ಸರಕಾರದ ಅಧಿಕಾರಿಗಳ ಮನಸ್ಸಿನಲ್ಲೂ ಕೆಡುಕಿತ್ತೆಂದು ನಾನು ಹೇಳುವುದಿಲ್ಲ.

ಅಮೆರಿಕದಲ್ಲಿ ಇದೇ ಬೀಗವನ್ನು ಒಡೆಯಲು ಕಪ್ಪು ಜನರ ವಕೀಲರು ಬೇಕೆಂದೇ ಲಾ ಸ್ಕೂಲುಗಳನ್ನು ಆರಿಸಿಕೊಂಡರು. ಹಾವರ್ಡ್ ವಿಶ್ವವಿದ್ಯಾಲಯದ ಕಾನೂನು ವಿಭಾಗವನ್ನು ಗಟ್ಟಿಯಾಗಿ ಕಟ್ಟಿದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮತ್ತು ಅವರ ಶಿಷ್ಯ ಥರ್‌ಗುಡ್ ಮಾರ್ಷಲ್ 1936ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಾ ಸ್ಕೂಲಿನ ವಿರುದ್ಧ ಗೆದ್ದರು. 1938ರಲ್ಲಿ ಲಾಯ್ಡ್ ಗೇನ್ಸ್ ಎಂಬ ವಿದ್ಯಾರ್ಥಿಯ ಪರವಾಗಿ ಮಿಸ್ಸೋರಿಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಗೆಲುವು ಬಂತು. ಲಾ ಸ್ಕೂಲನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ವೈದ್ಯಕೀಯ ಕಾಲೇಜಿನ ಒಳಗು ನ್ಯಾಯಾಧೀಶರಿಗೆ ತಿಳಿಯದಿರಬಹುದು, ಲಾ ಸ್ಕೂಲು ಹೇಗಿರುತ್ತದೆ ಎಂಬುದು ಅವರಲ್ಲಿ ಪ್ರತಿಯೊಬ್ಬರಿಗೂ ಗೊತ್ತು. 1946ರಲ್ಲಿ ಹೀಮನ್ ಸ್ವೆಟ್ ಎಂಬ ಅಂಚೆ ನೌಕರ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾ ಸ್ಕೂಲಿಗೆ ಅರ್ಜಿ ಹಾಕಿದಾಗ, ಅವನನ್ನು ಸೇರಿಸಿಕೊಳ್ಳುವ ಬದಲು ರಾಜ್ಯ ಅವನಂಥವರಿಗೆಂದು ಬೇರೆಯೇ ಒಂದು ಶಾಲೆಯನ್ನು ಅವಸರದಲ್ಲಿ ಎಬ್ಬಿಸಿ ನಿಲ್ಲಿಸಿತು. ಕೋಣೆಗಳಿದ್ದವು, ಪುಸ್ತಕಗಳಿದ್ದವು, ಇನ್ನೇನು ಬೇಕು ಎಂಬುದು ಟೆಕ್ಸಾಸಿನ ವಾದ. 1950ರ ಜೂನ್ 5ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಸಾರ ಇಷ್ಟು: ಕಾನೂನನ್ನು ಒಂಟಿಯಾಗಿ ಕಲಿಯಲಾಗುವುದಿಲ್ಲ. ಮುಂದೆ ಎದುರು ವಕೀಲನಾಗಿ, ಸಾಕ್ಷಿಯಾಗಿ, ಜ್ಯೂರಿಯಾಗಿ, ನ್ಯಾಯಾಧೀಶನಾಗಿ ಯಾರ ಜೊತೆ ವ್ಯವಹರಿಸಬೇಕೋ ಆ ರಾಜ್ಯದ ಶೇ. 85ರಷ್ಟು ಜನರನ್ನು ಹೊರಗಿಟ್ಟ ಶಾಲೆಯಲ್ಲಿ ಕಲಿತದ್ದು ಸಮಾನ ಶಿಕ್ಷಣವಾಗಲಾರದು. ಧಾರವಾಡದ ಹುಡುಗನಿಗೆ ‘ನೀನೊಬ್ಬನೇ’ ಎಂದು ಹೇಳಿ ಬಾಗಿಲು ಹಾಕಿದ್ದರು. ಸ್ವೆಟ್‌ನ ತೀರ್ಪು ಆ ಮಾತನ್ನೇ ತಲೆಕೆಳಗು ಮಾಡಿತು. ಅವನನ್ನು ಒಬ್ಬನೇ ಇರುವಂತೆ ಮಾಡಿದ್ದೇ ಅನ್ಯಾಯ ಎಂದಿತು.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಅಲ್ಲಿಯದು ಮೈಬಣ್ಣದ ಭೇದ, ಇಲ್ಲಿಯದು ಜಾತಿಯ ಭೇದ. ಅಲ್ಲಿ ಕಪ್ಪು ಜನರು ಅಲ್ಪಸಂಖ್ಯಾತರು, ಇಲ್ಲಿ ಶೋಷಿತ ಜಾತಿಗಳನ್ನೆಲ್ಲ ಕೂಡಿಸಿದರೆ ಅವರೇ ಬಹುಸಂಖ್ಯಾತರು. ಹೋಲಿಕೆ ಸಡಿಲ ಎಂಬುದು ಆ ಆಕ್ಷೇಪ. ವ್ಯತ್ಯಾಸಗಳು ನಿಜ. ಆದರೆ ಹೋಲಿಕೆ ಇಂದಿನವರ ಕಲ್ಪನೆಯಲ್ಲ. 1913ರಿಂದ 1916ರವರೆಗೆ ನ್ಯೂಯಾರ್ಕಿನಲ್ಲಿ ಓದಿದ ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿಯ ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿಯನ್ನು ಕೇಳಿದರು; ಇಲ್ಲಿಯ ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಎಂದರು. ಇಬ್ಬರು ಮಹಾ ವಿದ್ವಾಂಸರ ನಡುವಿನ ಆ ಚಿಕ್ಕ ಪತ್ರವ್ಯವಹಾರದ ವಿಷಯ ಅರ್ಜಿ ಬರೆಯುವ ಬಗೆ ಎಂಬುದನ್ನು ನಾನು ಆಕಸ್ಮಿಕವೆಂದು ತಿಳಿಯುವುದಿಲ್ಲ.

ವಿಜಯಪುರಕ್ಕೆ ಮರಳಿದರೆ, ಇಲ್ಲಿಯ ವಕೀಲಿ ವೃತ್ತಿಯ ಕಥೆ 1885ರಿಂದ ಗಟ್ಟಿಯಾಗುತ್ತದೆ. ಆ ವರ್ಷ ಜಿಲ್ಲೆಯ ಕೇಂದ್ರ ಕಲಾದಗಿಯಿಂದ, ಅಂದು ವಿಜಾಪುರವೆನಿಸಿದ್ದ ಈ ಊರಿಗೆ ಬಂತು. ಪಾಳುಬಿದ್ದ ಅರಮನೆಗಳನ್ನು ದುರಸ್ತಿ ಮಾಡಿ ಕಚೇರಿಗಳನ್ನು ಕೂರಿಸಿದರು. ಒಂದು ಕಾಲಕ್ಕೆ ಸುಲ್ತಾನರ ನ್ಯಾಯದ ಹೆಸರು ಹೊತ್ತಿದ್ದ ಅದಾಲತ್ ಮಹಲು ಕಲೆಕ್ಟರರ ಮನೆಯಾಯಿತು. ಕಚೇರಿ ಬಂದಲ್ಲಿ ವಕೀಲರು ಬರುತ್ತಾರೆ. ಆದರೆ ವಕೀಲರಾಗಲು ಓದಬೇಕಾದರೆ ಮುಂಬಯಿಗೋ ಪುಣೆಗೋ ಹೋಗಬೇಕಿತ್ತು. ಮುಂಬಯಿ ಕರ್ನಾಟಕಕ್ಕೆ ತನ್ನದೇ ಆದ ಕಾನೂನು ಕಾಲೇಜು ದಕ್ಕಿದ್ದು 1939ರಲ್ಲಿ, ಕರ್ನಾಟಕ ಲಾ ಸೊಸೈಟಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜನ್ನು ತೆರೆದಾಗ. ಅಲ್ಲಿಯವರೆಗೆ ವಿಜಾಪುರ, ಬಬಲೇಶ್ವರ, ತಿಕೋಟಾದ ಕಡೆಯ ಒಕ್ಕಲು ಮನೆಯ ಹುಡುಗ ವಕೀಲನಾಗುವುದೆಂದರೆ ನೂರಾರು ಮೈಲು ದೂರದ, ಬೇರೆ ಭಾಷೆಯ ಪಟ್ಟಣದಲ್ಲಿ ವರ್ಷಗಟ್ಟಲೆ ಊಟ-ವಸತಿಗೆ ಹಣ ಹೊಂದಿಸುವುದು. ಬರಗಾಲದ ಜಿಲ್ಲೆಯಲ್ಲಿ ಅಂಥ ಹಣ ಯಾವ ಮನೆಗಳಲ್ಲಿತ್ತು ಎಂಬುದನ್ನು ವಿವರಿಸಬೇಕಾಗಿಲ್ಲ.

ಆ ದಾರಿಯನ್ನು ನಡೆದು ಬಂದವರಲ್ಲಿ ಫ.ಗು. ಹಳಕಟ್ಟಿ ಅವರ ಬದುಕನ್ನು ಸ್ವಲ್ಪ ನಿಂತು ನೋಡಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬಳಿಕ ವಿಜಾಪುರದಲ್ಲಿ ನೆಲೆಯೂರಿ ಸರಕಾರಿ ವಕೀಲರಾದವರು ಅವರು. ನಾಡು ಅವರನ್ನು ವಚನ ಪಿತಾಮಹ ಎಂದು ನೆನೆಯುತ್ತದೆ; ತಾಡೋಲೆ ಹುಡುಕುತ್ತ ಊರೂರು ಅಲೆದದ್ದು, 1923ರಲ್ಲಿ ‘ವಚನಶಾಸ್ತ್ರಸಾರ’ ತಂದದ್ದು, ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು ಎಲ್ಲರಿಗೂ ಗೊತ್ತು. ಆದರೆ ಆ ಕೆಲಸದಲ್ಲಿ ಒಬ್ಬ ವಕೀಲನ ಕೈ ಕಾಣುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಕಡತ ಕೂಡಿಸು, ಪ್ರತಿಗಳನ್ನು ಹೋಲಿಸು, ಸಾಕ್ಷ್ಯವನ್ನು ಅಚ್ಚಿಗೆ ತಂದು ಜನರೆದುರು ಇಡು ಎಂಬ ವೃತ್ತಿಯ ಶಿಸ್ತನ್ನೇ ಅವರು ಸಮುದಾಯದ ನೆನಪಿಗೆ ಒಡ್ಡಿದರು. ಇನ್ನೂ ಮುಖ್ಯವಾದದ್ದು, ತಾನು ಮೇಲೇರಿದ ಏಣಿಯನ್ನು ಅವರು ಸಂಸ್ಥೆಯಾಗಿ ಮಾಡಿದ್ದು. 1910ರಲ್ಲಿ ಅವರ ಮುಂದಾಳತನದಲ್ಲಿ ಹುಟ್ಟಿದ ವಿದ್ಯಾಸಂಸ್ಥೆ ಇಂದಿನ ಬಿಎಲ್‌ಡಿಇ. ಎರಡು ವರ್ಷದ ನಂತರ ಶ್ರೀ ಸಿದ್ಧೇಶ್ವರ ಬ್ಯಾಂಕು. ಶಾಲೆ, ಬ್ಯಾಂಕು, ಮುದ್ರಣಾಲಯ ಮೂರೂ ಸೇರಿದಾಗ ಓದಲು ಹೊರಟ ಹುಡುಗ ಒಬ್ಬಂಟಿಯಾಗಿ ಉಳಿಯುವುದಿಲ್ಲ. ಅಂದಿನ ಮುಂಬಯಿ ಸರಕಾರ ಲಿಂಗಾಯತರನ್ನೂ ಮರಾಠರನ್ನೂ ಮುಂದುವರಿದವರಿಂದ ಬೇರ್ಪಡಿಸಿ ಮಧ್ಯಮ ವರ್ಗ ಎಂದು ಗುರುತಿಸಿತ್ತು. ಸರಕಾರಿ ಹುದ್ದೆಗಳಲ್ಲೂ ಕೋರ್ಟುಗಳಲ್ಲೂ ಅವರ ಪಾಲು ಅವರ ಸಂಖ್ಯೆಗೆ ತಕ್ಕಂತಿರಲಿಲ್ಲ. ಹುಬ್ಬಳ್ಳಿಯ ವಕೀಲ ಸಿದ್ದಪ್ಪ ಕಂಬಳಿ ಬ್ರಾಹ್ಮಣೇತರ ಚಳವಳಿಯಿಂದ ಬಂದು ಮುಂಬಯಿ ಸರಕಾರದಲ್ಲಿ ಶಿಕ್ಷಣ ಮಂತ್ರಿಯಾದದ್ದೂ ಇದೇ ಅಲೆಯಲ್ಲಿ. ಇಂದು ಧಾರವಾಡದಲ್ಲಿ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಅವರ ಹೆಸರಿದೆ.

ಈ ಸಾಧನೆಯನ್ನು ಗೌರವಿಸುತ್ತಲೇ ಅದರ ಗಡಿಯನ್ನೂ ಹೇಳಬೇಕು. ಒಂದು ಸಮುದಾಯ ತನಗೆಂದು ತೆರೆದುಕೊಂಡ ಬಾಗಿಲು ಅದರ ಕೆಳಗಿನವರಿಗೆ ತಾನಾಗಿ ತೆರೆಯುವುದಿಲ್ಲ; ಅವರು ಮತ್ತೆ ತಟ್ಟಬೇಕು. ಹಳಕಟ್ಟಿಯವರು ಅಚ್ಚಿಗೆ ತಂದ ವಚನಗಳಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹೆಸರುಗಳಿದ್ದವು. ಅವರ ಕುಲದ ಮಕ್ಕಳಿಗೆ ಹಾಸ್ಟೆಲ್ಲು ಬೇಕಿತ್ತು. ಕೊಲ್ಲಾಪುರದ ಶಾಹೂ ಮಹಾರಾಜರು ಓದು, ವಸತಿ, ಹುದ್ದೆಗಳ ನಡುವಿನ ನಂಟನ್ನು ಎಲ್ಲರಿಗಿಂತ ಮೊದಲು ಕಂಡರು ಎನ್ನಬಹುದು. 1902ರಲ್ಲಿ ಅವರು ಸಂಸ್ಥಾನದ ನೌಕರಿಗಳಲ್ಲಿ ಅರ್ಧವನ್ನು ಹಿಂದುಳಿದವರಿಗೆ ಮೀಸಲಿಟ್ಟದ್ದು ಪ್ರಸಿದ್ಧ. ಕನ್ನಡ ನೆಲವಾದ ರಾಯಬಾಗವೂ ಆ ಸಂಸ್ಥಾನದ್ದೇ ಆಗಿತ್ತು. ಜಾತಿಗೊಂದರಂತೆ ವಿದ್ಯಾರ್ಥಿನಿಲಯಗಳನ್ನು ಕಟ್ಟಲು ನೆರವಾದ ಅವರು 1920ರ ಸುಮಾರಿಗೆ ಇನ್ನೊಂದು ಹೆಜ್ಜೆ ಇಟ್ಟು, ಓದುಬಲ್ಲ ಅಸ್ಪೃಶ್ಯ ಯುವಕರಿಗೆ ವಕೀಲಿಯ ಸನದುಗಳನ್ನೇ ಕೊಟ್ಟರು. ನೌಕರಿ ಕೊಟ್ಟರೆ ಒಂದು ಮನೆಗೆ ಅನ್ನ. ಸನದು ಕೊಟ್ಟರೆ ಇಡೀ ಕೇರಿಗೆ ಕೋರ್ಟಿನಲ್ಲಿ ಒಂದು ಬಾಯಿ. ಅಂಬೇಡ್ಕರರು ಅದೇ ಕೆಲಸವನ್ನು ಕೆಳಗಿನಿಂದ ಮಾಡಿದರು. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದರೂ ವಿದ್ಯಾರ್ಥಿವೇತನ ಮುಗಿದು ಮರುವರ್ಷವೇ ಹಿಂದಿರುಗಬೇಕಾಗಿ ಬಂದು, 1920ರ ದಶಕದ ಆರಂಭದಲ್ಲಷ್ಟೇ ಬ್ಯಾರಿಸ್ಟರಾದ ಅವರಿಗೆ, ಬುದ್ಧಿಯಿದ್ದರೂ ಹಣವಿಲ್ಲದೆ ದಾರಿ ನಡುವೆ ನಿಲ್ಲುವುದೆಂದರೆ ಏನೆಂದು ತಿಳಿದಿತ್ತು. 1928ರಲ್ಲಿ ಅವರು ಕಟ್ಟಿದ ನಿಮ್ನವರ್ಗಗಳ ಶಿಕ್ಷಣ ಸಂಘ ಪ್ರೌಢಶಾಲೆಯ ಮಕ್ಕಳಿಗಾಗಿ ತೆರೆದ ವಸತಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಎಪ್ಪತ್ತೆರಡು ವರ್ಷದ ಹಿಂದೆ ಒಬ್ಬನೇ ಬಂದ ಹುಡುಗನನ್ನು ಹಿಂದೆ ಕಳಿಸಿದ ಊರಿನಲ್ಲೇ ಹುಡುಗರು ಈಗ ಗುಂಪಾಗಿ ಉಳಿದುಕೊಂಡು ಓದತೊಡಗಿದರು.

ಅದೇ ವರ್ಷ ಮುಂಬಯಿ ಸರಕಾರ ನಿಮ್ನವರ್ಗ ಮತ್ತು ಬುಡಕಟ್ಟುಗಳ ಸ್ಥಿತಿ ಅರಿಯಲು ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷ ಸ್ಟಾರ್ಟ್ ಎಂಬ ಅಧಿಕಾರಿ. ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚಿದ ಅಲೆಮಾರಿ ಜನರನ್ನು ಒಂದೆಡೆ ಕೂಡಿಹಾಕುವ ‘ಸೆಟ್ಲ್‌ಮೆಂಟ್’ ಕೆಲಸವನ್ನು ಹಿಂದೆ ವಿಜಾಪುರದಲ್ಲಿ ಆರಂಭಿಸಿದವರು ಅವರೇ. ಅಂಬೇಡ್ಕರ್ ಆ ಸಮಿತಿಯ ಸದಸ್ಯರಾಗಿದ್ದರು. ಸಮಿತಿ 1930ರಲ್ಲಿ ವರದಿ ಕೊಟ್ಟಿತು. ಮುಳ್ಳುತಂತಿಯೊಳಗೆ ಹಾಜರಿ ಹಾಕಿಸಿಕೊಳ್ಳುತ್ತಿದ್ದ ಆ ಜನರ ಮೇಲಿನ ಕಾನೂನು ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಅವರ ಪರವಾಗಿ ಕೋರ್ಟಿನಲ್ಲಿ ನಿಲ್ಲಲು ಅವರಲ್ಲೇ ಒಬ್ಬ ವಕೀಲ ಆಗ ಇರಲು ಸಾಧ್ಯವಿತ್ತೇ ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ.

ಸಂವಿಧಾನ ಬಂದ ಮೇಲಿನ ಕಥೆ ಹೆಚ್ಚು ಪರಿಚಿತ, ಅದನ್ನು ಬೇಗ ದಾಟೋಣ. 1951ರಲ್ಲಿ ಮದ್ರಾಸಿನ ಕಾಲೇಜು ಸೀಟುಗಳ ಜಾತಿವಾರು ಹಂಚಿಕೆಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದರಿಂದ ಮೊದಲ ತಿದ್ದುಪಡಿಯೂ 15(4)ನೆಯ ವಿಧಿಯೂ ಬಂದವು. 1962ರಲ್ಲಿ ಮೈಸೂರು ರಾಜ್ಯ ವೃತ್ತಿ ಕಾಲೇಜುಗಳ ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟಾಗ ಬಾಲಾಜಿ ಪ್ರಕರಣದಲ್ಲಿ ಅದು ಬಿದ್ದುಹೋಗಿ, ಅರ್ಧದ ಮಿತಿ ಎಂಬ ಮಾತು ಇಡೀ ದೇಶಕ್ಕೆ ಕರ್ನಾಟಕದಿಂದಲೇ ಹೋಯಿತು. 1972ರಲ್ಲಿ ದೇವರಾಜ ಅರಸು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾದ ಎಲ್.ಜಿ. ಹಾವನೂರ ಉತ್ತರ ಕರ್ನಾಟಕದವರು, ನಾಯಕ ಸಮುದಾಯದವರು, ಮತ್ತು ವಕೀಲರು. 1975ರ ಅವರ ವರದಿ ಓದಿದರೆ ಅದು ಒಂದು ಕೇಸನ್ನು ನಡೆಸುವವನ ಬರಹ ಎಂದು ಕೂಡಲೇ ತಿಳಿಯುತ್ತದೆ. ಬೀದರಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿ, ಕಾರ್ಮಿಕ ಸಂಘಗಳ ಕೇಸುಗಳಿಂದ ವಕೀಲಿ ಆರಂಭಿಸಿದರು. ಜಿಲ್ಲಾ ಮಟ್ಟದ ಕಾನೂನು ಕಾಲೇಜು ಈ ನಾಡಿಗೆ ಏನು ಕೊಟ್ಟಿತು ಎಂದು ಕೇಳುವವರಿಗೆ ಇದು ಉತ್ತರ. ಊರಿಗೆ ಹತ್ತಿರದ ಕಾಲೇಜು, ಸರಕಾರಿ ಹಾಸ್ಟೆಲ್ಲು, ಉತ್ತರಪತ್ರಿಕೆಯಲ್ಲಿ ಕನ್ನಡ, ಕೆಳಗಿನ ಕೋರ್ಟಿನಲ್ಲೂ ಕನ್ನಡ: ಈ ನಾಲ್ಕು ಸೇರಿ ಮೊದಲ ತಲೆಮಾರಿನ ವಕೀಲರನ್ನು ಬೆಳೆಸಿದವು. ವಿಜಯಪುರದ ಅಂಜುಮನ್ ಕಾನೂನು ಕಾಲೇಜಿನಂಥ ಸಂಸ್ಥೆಗಳ ಬೆಲೆಯನ್ನು ಈ ದೃಷ್ಟಿಯಿಂದ ಅಳೆಯಬೇಕು.

ಆಮೇಲೆ ಬಾಗಿಲು ಇನ್ನೊಂದು ಕಡೆಗೆ ಸರಿಯಿತು. 1987ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿ, ಅದರ ಮಾದರಿಯಲ್ಲಿ ರಾಜ್ಯಕ್ಕೊಂದರಂತೆ ಕಾನೂನು ವಿಶ್ವವಿದ್ಯಾಲಯಗಳು ಬಂದವು. 2008ರಿಂದ ಅವುಗಳಲ್ಲಿ ಹೆಚ್ಚಿನವಕ್ಕೆ ಕ್ಲಾಟ್ ಎಂಬ ಒಂದೇ ಪ್ರವೇಶ ಪರೀಕ್ಷೆ. ಈಗ ಅದು ಎರಡು ಗಂಟೆಯಲ್ಲಿ 120 ಪ್ರಶ್ನೆ, ಉದ್ದುದ್ದ ಇಂಗ್ಲಿಷ್ ಗದ್ಯ ಓದಿ ಉತ್ತರಿಸುವ ಪರೀಕ್ಷೆ. ಈಚಿನ ವರ್ಷಗಳಲ್ಲಿ ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ 3,500. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ದಲಿತರ ಮಗಳು ಮೀಸಲು ಸೀಟಿಗೆ ಅರ್ಹಳು, ಅದು ಅವಳ ಹಕ್ಕು. ಆದರೆ ಕನ್ನಡ ಶಾಲೆಯಲ್ಲಿ ಓದಿದ ಅವಳಿಗೆ ಆ ಪರೀಕ್ಷೆ ಇದೆ ಎಂದು ಹೇಳುವವರಾರು? ಬೆಂಗಳೂರಿನ ಶಾಲೆಯ ವಿದ್ಯಾರ್ಥಿಗಳೇ 2015–16ರಲ್ಲಿ ನಡೆಸಿದ ಸಮೀಕ್ಷೆ, ತಮ್ಮ ಸಹಪಾಠಿಗಳಲ್ಲಿ ಬಹುಪಾಲು ಇಂಗ್ಲಿಷ್ ಮಾಧ್ಯಮದ, ನಗರದ, ಮೇಲುಜಾತಿಯ ಮನೆಗಳಿಂದ ಬಂದವರು ಎಂದು ತೋರಿಸಿತು. ಅದೇ ಶಾಲೆಯಲ್ಲಿ ಓದಿದ್ದ ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ‘ಇಡಿಯಾ’ ಎಂಬ ಸಂಸ್ಥೆ ಕಟ್ಟಿ, ಹಳ್ಳಿಗಳ ಬಡ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟು ಈ ಕಾಲೇಜುಗಳಿಗೆ ಸೇರಿಸುವ ಕೆಲಸ ಆರಂಭಿಸಿದರು. ಸೇರಿದ ಮೇಲೂ ಶುಲ್ಕ, ಭಾಷೆ, ಧೈರ್ಯ ಮೂರಕ್ಕೂ ಬೆನ್ನಿಗೆ ನಿಂತರು. ಅವರು 2019ರಲ್ಲಿ ತೀರಿಕೊಂಡದ್ದು ಈ ದೇಶದ ಕಾನೂನು ಶಿಕ್ಷಣಕ್ಕೆ ಆದ ನಷ್ಟ. 2020ರಲ್ಲಿ ಕರ್ನಾಟಕ ಸರಕಾರ ಬೆಂಗಳೂರಿನ ಶಾಲೆಯಲ್ಲಿ ಶೇ. 25ರಷ್ಟು ಸೀಟುಗಳನ್ನು ರಾಜ್ಯದಲ್ಲಿ ಹತ್ತು ವರ್ಷ ಓದಿದವರಿಗೆ ಮೀಸಲಿಡಲು ತಂದ ತಿದ್ದುಪಡಿಯನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ರದ್ದು ಮಾಡಿತು. ನಂತರ ಸಂಸ್ಥೆಯೇ ತನ್ನ ಯೋಜನೆಯಡಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪಾಲು ಕೊಟ್ಟಿತು. ನನ್ನ ಮಟ್ಟಿಗೆ ಇದು ಅರ್ಧ ದಾರಿ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಲ್ಲಿ ಬೆಂಗಳೂರಿನ ದುಬಾರಿ ಶಾಲೆಯವರೂ ಬಬಲೇಶ್ವರದ ಸರಕಾರಿ ಶಾಲೆಯವರೂ ಇದ್ದಾರೆ, ಪರೀಕ್ಷೆ ಯಾರನ್ನು ಆರಿಸುತ್ತದೆ ಎಂಬುದು ತಿಳಿದದ್ದೇ.

ಇಲ್ಲಿ ಅಮೆರಿಕದ ಈಚಿನ ತಿರುವು ನಮಗೊಂದು ಎಚ್ಚರ. 2003ರಲ್ಲಿ ಮಿಷಿಗನ್ ಲಾ ಸ್ಕೂಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತರಗತಿಯಲ್ಲಿ ವೈವಿಧ್ಯವಿರಲೆಂದು ಪ್ರವೇಶದಲ್ಲಿ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದೆಂದಿತ್ತು. 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಆ ದಾರಿ ಮುಚ್ಚಿತು. ಆದರೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಒಂದು ಕಿಂಡಿ ಬಿಟ್ಟರು: ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಬರೆದರೆ ಅದನ್ನು ಪರಿಗಣಿಸಬಹುದು, ಅವನೊಬ್ಬ ವ್ಯಕ್ತಿಯಾಗಿ ಅನುಭವಿಸಿದ್ದು ಎಂಬ ಮಟ್ಟಿಗೆ. ಅಂದರೆ ಇನ್ನು ಮುಂದೆ ಪ್ರತಿ ಕಪ್ಪು ವಿದ್ಯಾರ್ಥಿ ತನ್ನ ಗಾಯವನ್ನು ತಾನೇ ಬಿಚ್ಚಿ ತೋರಿಸಿ ತನ್ನ ಕೇಸನ್ನು ತಾನೇ ವಾದಿಸಬೇಕು, ಒಬ್ಬೊಬ್ಬನೇ. ಇದನ್ನು ಮೆಚ್ಚುವವರ ವಾದ ಗಟ್ಟಿಯಾದದ್ದೇ: ಪ್ರತಿಯೊಬ್ಬನೂ ತನ್ನ ಮಾತಿನಿಂದ ಗುರುತಾಗಲಿ, ಗುಂಪಿನ ಹಣೆಪಟ್ಟಿಯಿಂದಲ್ಲ, ವಕೀಲನಾಗುವವನಿಗೆ ಸ್ವಂತ ದನಿ ಬೇಡವೇ? ಬೇಕು. ಆದರೆ ದನಿಯನ್ನು ಪ್ರವೇಶದ ಬೆಲೆಯಾಗಿ ಕೇಳುವುದು ಬೇರೆ, ಪ್ರವೇಶದ ನಂತರ ಅದನ್ನು ಬೆಳೆಸುವುದು ಬೇರೆ. ಚೆನ್ನಾಗಿ ಬರೆಯಬಲ್ಲವನ ನೋವು ಮಾತ್ರ ನೋವಾಗಿ ಉಳಿಯುವ ಪದ್ಧತಿಯಲ್ಲಿ ಮತ್ತೆ ಗೆಲ್ಲುವುದು ಒಳ್ಳೆಯ ಶಾಲೆಯಲ್ಲಿ ಓದಿದವನೇ. ನಮ್ಮ ಜಾತಿ ಪ್ರಮಾಣಪತ್ರಕ್ಕೆ ಈ ದೋಷವಿಲ್ಲ. ತಹಶೀಲ್ದಾರರ ಮೊಹರು ಬಿದ್ದ ಆ ಹಾಳೆ ಯಾರ ಕಣ್ಣೀರನ್ನೂ ಕೇಳುವುದಿಲ್ಲ. ಇತಿಹಾಸದ ಅನ್ಯಾಯವನ್ನು ಒಬ್ಬ ಹದಿನೆಂಟರ ಹುಡುಗಿ ಮತ್ತೆ ಮತ್ತೆ ಸಾಬೀತು ಮಾಡಬೇಕಾಗಿಲ್ಲ ಎಂಬ ಘನತೆ ಅದರಲ್ಲಿದೆ.

ಅರ್ಹತೆಯ ಆಕ್ಷೇಪಕ್ಕೆ ಇನ್ನೂ ಉತ್ತರ ಬಾಕಿಯಿದೆ. ಕಡಿಮೆ ಅಂಕದವರು ಒಳಬಂದರೆ ವೃತ್ತಿಯ ಗುಣಮಟ್ಟ ಇಳಿಯುತ್ತದೆ, ಅದರ ನಷ್ಟ ಕಕ್ಷಿದಾರನಿಗೇ ಎನ್ನುತ್ತಾರೆ. ಪ್ರವೇಶದ ಅಂಕ ಬೇರೆಯಾದರೂ ಪದವಿಯ ಪರೀಕ್ಷೆ ಎಲ್ಲರಿಗೂ ಒಂದೇ. ಸನದು ಪಡೆದ ಮೇಲೆ ಬಾರ್ ಕೌನ್ಸಿಲ್ ನಡೆಸುವ ಪರೀಕ್ಷೆಯೂ ಒಂದೇ. ಅದಕ್ಕಿಂತ ದೊಡ್ಡ ಮಾತು ಎಂದರೆ, ವಕೀಲಿಯಲ್ಲಿ ಅರ್ಹತೆಯ ಒಂದು ಭಾಗವೇ ಕಕ್ಷಿದಾರನ ಬದುಕನ್ನು ಅರಿಯುವುದು. ಜಮೀನಿನ ತಕರಾರು, ದೌರ್ಜನ್ಯದ ದೂರು, ಕೂಲಿಯ ಬಾಕಿ ಹೊತ್ತು ಬರುವವನ ಮಾತನ್ನು ಅವನ ಭಾಷೆಯಲ್ಲಿ ಕೇಳಿ, ಅವನು ಹೇಳದೆ ಬಿಟ್ಟದ್ದನ್ನೂ ಊಹಿಸಿ ದಾವೆಯ ಕಾಗದಕ್ಕೆ ಇಳಿಸುವ ಶಕ್ತಿಯನ್ನು ಎರಡು ಗಂಟೆಯ ಇಂಗ್ಲಿಷ್ ಪರೀಕ್ಷೆ ಅಳೆಯುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಗುಂಪಿನ ಹೆಸರಿನಲ್ಲಿ ಬಂದ ಸೀಟು ಗುಂಪಿನೊಳಗಿನ ಬಲವಂತರಿಗೇ ಹೋಗುತ್ತದೆ ಎಂಬುದು ಅದು. ಇದು ನಿಜವಾದ ಕಡೆ ನಿಜವೇ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟ ಮೇಲೆ ಕರ್ನಾಟಕ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಪಡೆದು, 2025ರ ಆಗಸ್ಟಿನಲ್ಲಿ ಪರಿಶಿಷ್ಟ ಜಾತಿಗಳ ಶೇ. 17ನ್ನು 6, 6, 5 ಎಂದು ಹಂಚಿತು. ಆಯೋಗ ಅತಿ ಹಿಂದುಳಿದ ಅಲೆಮಾರಿಗಳಿಗೆ ಪ್ರತ್ಯೇಕವಾಗಿ ಶೇ. 1ನ್ನು ಹೇಳಿತ್ತು, ಸಂಪುಟದ ತೀರ್ಮಾನದಲ್ಲಿ ಅವರು ತಮಗಿಂತ ಬಲಿಷ್ಠರ ಜೊತೆ ಒಂದೇ ಗುಂಪಿಗೆ ಸೇರಿದರು, ಬೀದಿಗಿಳಿದು ಪ್ರತಿಭಟಿಸಿದರು. ಒಂದು ಕಾಲಕ್ಕೆ ವಿಜಾಪುರದ ಸೆಟ್ಲ್‌ಮೆಂಟಿನಲ್ಲಿ ಹಾಜರಿ ಹಾಕಿದವರ ಮೊಮ್ಮಕ್ಕಳಿಗೆ ಇಂದೂ ಸಿಗುತ್ತಿರುವ ಉತ್ತರದಲ್ಲಿ, ನೀವು ಎಣಿಕೆಗೆ ತೀರ ಕಡಿಮೆ ಎಂಬ ಹಳೆಯ ಸ್ವರ ಕೇಳುತ್ತದೆ. ಗುಂಪಿನ ಹಕ್ಕನ್ನು ನಂಬುವ ನಾವು ಗುಂಪಿನೊಳಗೆ ಒಬ್ಬನೇ ಉಳಿದವನನ್ನು 1856ರ ಕಡತಕ್ಕೆ ಮತ್ತೆ ಸೇರಿಸಿದರೆ ನಮ್ಮ ವಾದವೇ ಬೀಳುತ್ತದೆ.

ಒಟ್ಟಾಗಿ ಕೇಳಿದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಯ ವಕೀಲರು ಬಲ್ಲರು. ಹೈಕೋರ್ಟಿನ ಒಂದು ಕೇಸಿಗಾಗಿ ವಿಜಯಪುರದಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು ಹೋಗಬೇಕಾಗಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ವಕೀಲರ ಸಂಘಗಳು ವರ್ಷಗಟ್ಟಲೆ ಕಲಾಪ ಬಹಿಷ್ಕರಿಸಿ, ಧರಣಿ ಕೂತು ಪೀಠ ಕೇಳಿದವು. 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಕೂತವು, 2013ರಲ್ಲಿ ಕಾಯಂ ಆದವು. ವಿಜಯಪುರ ಜಿಲ್ಲೆ ಈಗ ಕಲಬುರಗಿ ಪೀಠದ ವ್ಯಾಪ್ತಿಯಲ್ಲಿದೆ. ಇದೇ ಸಂಘಗಳು ಕ್ಲಾಟ್ ಪ್ರಶ್ನಪತ್ರಿಕೆಯನ್ನು ಕನ್ನಡದಲ್ಲೂ ಕೊಡಿ, ಜಿಲ್ಲೆಯ ಸರಕಾರಿ ಹಾಸ್ಟೆಲ್ಲುಗಳಲ್ಲಿ ಅದರ ತಯಾರಿ ನಡೆಸಿ, ಪರಿಶಿಷ್ಟರ ಅರ್ಜಿ ಶುಲ್ಕವನ್ನು ತೆಗೆದುಹಾಕಿ ಎಂದು ಒಂದು ಮನವಿಗೆ ಸಹಿ ಹಾಕಿ ಕಳಿಸಲಿ. ಆ ಮನವಿ ತಲುಪಿದ ಕಚೇರಿ ಏನೇ ಉತ್ತರ ಬರೆಯಲಿ, ಕೇಳಿದವನು ಒಬ್ಬನೇ ಎಂದು ಬರೆಯಲು ಅದಕ್ಕೆ ಬರುವುದಿಲ್ಲ.